ಲಿಕ್ವಿಡ್ ಬ್ಯಾಂಡೇಜ್ ಹಚ್ಚುವ ಮುನ್ನ ಗಾಯ ತೊಳೆಯಲೇಬೇಕೇ?

ಪ್ರಶ್ನೆ: ನನ್ನದು ದಿನವಿಡೀ ಕೈ ಒದ್ದೆಯಾಗುವ ಕೆಲಸ. ಬೆರಳ ಗೆಣ್ಣಿನ ಮೇಲೆ ಸಣ್ಣಪುಟ್ಟ ಗಾಯ ಆಗುತ್ತಲೇ ಇರುತ್ತದೆ, ಅಂಟಿಸಿದ ಪಟ್ಟಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಅದಕ್ಕೇ ಆಂಟಿಸೆಪ್ಟಿಕ್ ಇರುವ ಲಿಕ್ವಿಡ್ ಬ್ಯಾಂಡೇಜ್ ತಂದೆ. ಹಚ್ಚಿದ ಕೂಡಲೇ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಹೀಗೆ ಉರಿಯುವುದು ಸಹಜವೇ? ಅದರಲ್ಲೇ ಔಷಧಿ ಇರುವಾಗ ಗಾಯವನ್ನು ಬೇರೆ ತೊಳೆಯಬೇಕೇ? ದಿನಾ ಕಿತ್ತು ಹೊಸದಾಗಿ ಹಚ್ಚಬೇಕೇ?

ಉತ್ತರ: ತೊಳೆಯಲೇಬೇಕು. ಲಿಕ್ವಿಡ್ ಬ್ಯಾಂಡೇಜ್ ಎಂದರೆ ಹಚ್ಚಿದ ಮೇಲೆ ಒಣಗಿ ಪೊರೆಯಾಗುವ ದ್ರವ, ಗಾಯದ ಮೇಲಿನ ಮುಚ್ಚಳ. ಒಳಗೆ ಏನಿದೆಯೋ ಅದನ್ನೇ ಮುಚ್ಚಿಡುತ್ತದೆ. ಆಂಟಿಸೆಪ್ಟಿಕ್ ಸೇರಿಸಿದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸಿಗುವ ಬೆಂಜೆಥೋನಿಯಂ ಕ್ಲೋರೈಡ್‌ನ ಪ್ರಮಾಣ ಶೇ 0.2ರ ಆಸುಪಾಸು. ಚರ್ಮದ ಮೇಲಿನ ರೋಗಾಣುಗಳನ್ನು ತಗ್ಗಿಸಲು ಅಷ್ಟು ಸಾಕು. ಆದರೆ ಸೀಳಿನ ಒಳಗೆ ಸೇರಿಕೊಂಡ ಮಣ್ಣಿನ ಕಣವನ್ನು ಅದು ಹೊರಗೆ ತರಲಾರದು. ಆ ಕೆಲಸ ಹರಿಯುವ ನೀರಿನದು. ನಲ್ಲಿಯ ಕೆಳಗೆ ಗಾಯ ಹಿಡಿದು ಕೆಲವು ನಿಮಿಷ ತೊಳೆಯಿರಿ, ಸುತ್ತಲ ಚರ್ಮಕ್ಕೆ ಸೌಮ್ಯವಾದ ಸೋಪು ಹಾಕಿ.

ಆಮೇಲೆ ರಕ್ತ. ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಎಡೆಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡುವ ಚಪಲ ಎಲ್ಲರಿಗೂ ಇದೆ, ಹಾಗೆ ನೋಡಿದಾಗಲೆಲ್ಲ ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಅಷ್ಟು ಹೊತ್ತು ಒತ್ತಿದ ಮೇಲೂ ಒಸರುತ್ತಿದ್ದರೆ ಅದು ಈ ಬಾಟಲಿಗೆ ತಕ್ಕ ಗಾಯವಲ್ಲ.

ರಕ್ತ ನಿಂತ ಮೇಲೆ ಚರ್ಮ ಪೂರ್ತಿ ಒಣಗಬೇಕು. ಒದ್ದೆಯಿದ್ದರೆ, ಅಥವಾ ಮೊದಲೇ ಮುಲಾಮು ಸವರಿದ್ದರೆ ಪೊರೆ ಹಿಡಿಯುವುದೇ ಇಲ್ಲ. ಗಾಯದ ಎರಡು ಅಂಚನ್ನೂ ಕೂಡಿಸಿ ಹಿಡಿದು, ಮೇಲಿನಿಂದ ತೆಳುವಾಗಿ ಒಂದು ಪದರ ಎಳೆಯಿರಿ. ಬಾಯಿ ಬಿಟ್ಟ ಸೀಳಿನೊಳಗೆ ಸುರಿಯಬೇಡಿ. ಸುಮಾರು ಒಂದು ನಿಮಿಷದಲ್ಲಿ ಹೊಳಪಿನ ಪೊರೆ ಕಟ್ಟುತ್ತದೆ. ಅಲ್ಲಿಯವರೆಗೆ ಬೆರಳು ಮಡಚಬೇಡಿ, ಬಾಯಿಂದ ಊದಬೇಡಿ. ಲೇಬಲ್ಲಿನಲ್ಲಿ ಹೇಳಿದ್ದರೆ ಮಾತ್ರ ಎರಡನೆಯ ಪದರ. ಬೆರಳಿನ ಸುತ್ತ ಉಂಗುರದಂತೆ ಹಚ್ಚುವುದು ಬೇಡ. ಕೆಲವು ಬಗೆಯ ಪೊರೆ ಒಣಗುತ್ತ ಬಿಗಿಯುತ್ತದೆ, ಗಾಯಗೊಂಡ ಬೆರಳು ಬಾತುಕೊಂಡರೆ ರಕ್ತ ಸಂಚಾರಕ್ಕೇ ಅಡ್ಡಿ.

ಇನ್ನು ಉರಿ. ಅದು ಸಹಜವೇ. ಪೊರೆ ಕಟ್ಟುವ ವಸ್ತುವನ್ನು ಕರಗಿಸಿಡಲು ಬಳಸುವ ಆಲ್ಕೋಹಾಲ್, ಅಸಿಟೇಟ್‌ನಂಥ ದ್ರಾವಕಗಳು ಹಸಿ ಗಾಯಕ್ಕೆ ತಾಗಿ ಉರಿಸುತ್ತವೆ. ಅವು ಆವಿಯಾದಂತೆ ಉರಿಯೂ ಇಳಿಯಬೇಕು. ಬಹಳ ಹೊತ್ತಾದರೂ ಇಳಿಯದಿದ್ದರೆ ಅಥವಾ ಹಚ್ಚಿದ ಜಾಗದ ಸುತ್ತ ಕೆಂಪಾಗಿ ತುರಿಸುತ್ತ ಗುಳ್ಳೆಗಳೆದ್ದರೆ ಅಲರ್ಜಿ ಎಂದುಕೊಳ್ಳಿ. ಕೃತಕ ಉಗುರು, ಅದರ ಅಂಟು ಒಗ್ಗದವರು ಸಯನೋಅಕ್ರಿಲೇಟ್ ಎಂಬ ಅಂಟು ಇರುವ ಬಾಟಲಿಯಿಂದ ದೂರವಿರುವುದೇ ಒಳ್ಳೆಯದು.

ದಿನಾ ಹಚ್ಚಬೇಕೇ ಎಂಬುದಕ್ಕೆ ಉತ್ತರ ನಿಮ್ಮ ಬಾಟಲಿಯ ಲೇಬಲ್ಲಿನಲ್ಲಿದೆ. ನೈಟ್ರೋಸೆಲ್ಯುಲೋಸ್ ಅಥವಾ ಪೈರಾಕ್ಸಿಲಿನ್ ಎಂದಿದ್ದರೆ ಪೊರೆ ಬೇಗ ಸವೆಯುತ್ತದೆ, ಅದನ್ನು ದಿನಕ್ಕೆ ಒಂದರಿಂದ ಮೂರು ಸಲ ಹಚ್ಚಲು ಹೇಳಿರುತ್ತಾರೆ. ಸಯನೋಅಕ್ರಿಲೇಟ್ ಆದರೆ ಒಮ್ಮೆ ಹಚ್ಚಿ ಸುಮ್ಮನಿದ್ದುಬಿಡಿ, 5ರಿಂದ 10 ದಿನದಲ್ಲಿ ತಾನೇ ಉದುರುತ್ತದೆ. ಗೆಣ್ಣಿನ ಮೇಲೆ ಅಷ್ಟು ದಿನ ಬಾಳುವುದು ಅನುಮಾನ, ಮಡಚಿ ಬಿಡಿಸಿ ಬಿರುಕು ಬಿಡುತ್ತದೆ. ಎದ್ದ ಅಂಚನ್ನು ಕತ್ತರಿಯಿಂದ ಕತ್ತರಿಸಿ, ಉಗುರಿನಿಂದ ಎಬ್ಬಿಸಬೇಡಿ. ಎಬ್ಬಿಸಿದರೆ ಹಕ್ಕಳೆಯೂ ಜೊತೆಗೇ ಬರುತ್ತದೆ.

ಆಳವಾಗಿ ಚುಚ್ಚಿದ ಗಾಯ, ಅಂಚು ಕೂಡದ ಸೀಳು, ಸುಟ್ಟ ಗಾಯ, ಆಗಲೇ ಕೀವಾದದ್ದು, ಕಣ್ಣು ತುಟಿಗಳ ಬಳಿಯದು, ಇವಕ್ಕೆ ಹಚ್ಚಲೇಬಾರದು. ಪ್ರಾಣಿ ಕಚ್ಚಿದ ಗಾಯಕ್ಕಂತೂ ಸುತರಾಂ ಬೇಡ. ಅದನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಮುಚ್ಚದೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರೇಬೀಸ್ ವಿಷಯದಲ್ಲಿ ಕಾದು ನೋಡೋಣ ಎಂಬ ಮಾತೇ ಇಲ್ಲ. ಗಾಯ ಕೊಳಕಾಗಿದ್ದು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ಮೀರಿದ್ದರೆ ಅದನ್ನೂ ಕೇಳಿ ಬನ್ನಿ.

ಹಚ್ಚಿದ ಮೇಲೂ ಗಾಯದ ಮೇಲೆ ಕಣ್ಣಿರಲಿ. ನೋವು ಇಳಿಯುವ ಬದಲು ಪಟಪಟ ಮಿಡಿಯತೊಡಗಿದರೆ, ಕೆಂಪು ಹರಡಿದರೆ, ಪೊರೆಯಡಿ ಬಿಳಿಹಳದಿ ಕಂಡರೆ ಅದರ ಮೇಲೆ ಮತ್ತೊಂದು ಪದರ ಹಾಕಬೇಡಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಂಟಿಸಲು ಬಳಸುವ ಸೂಪರ್ ಗ್ಲೂ ಕೂಡ ಇದೇ ವಸ್ತುವಂತೆ. ಸಣ್ಣ ಗಾಯಕ್ಕೆ ಅದನ್ನೇ ಹಾಕಿದರೇನು?

ಉತ್ತರ: ಒಂದೇ ಕುಟುಂಬದವು, ಗುಣ ಬೇರೆ. ಸಯನೋಅಕ್ರಿಲೇಟ್ 1942ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಹ್ಯಾರಿ ಕೂವರ್ ಅವರ ತಂಡದ ಕೈಗೆ ಸಿಕ್ಕಿದ್ದು ಬಂದೂಕಿನ ಗುರಿದರ್ಶಕಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಅದನ್ನು ಬದಿಗಿಟ್ಟಿದ್ದರು. ಮುಂದೆ ವಿಯೆಟ್ನಾಂ ಯುದ್ಧದಲ್ಲಿ ರಕ್ತಸ್ರಾವ ತಡೆಯಲು ಅದರದೇ ಒಂದು ಬಗೆಯನ್ನು ಸಿಂಪಡಿಸಿದ್ದೂ ಉಂಟು. ಅಂಗಡಿಯ ಸೂಪರ್ ಗ್ಲೂನಲ್ಲಿರುವುದು ಹೆಚ್ಚಾಗಿ ಈಥೈಲ್ ಬಗೆ. ಗಟ್ಟಿಯಾಗುವಾಗ ಅದರಿಂದ ಬಿಸಿ ಹೊರಡುತ್ತದೆ, ಒಡೆದಾಗ ಉಳಿಯುವ ವಸ್ತುಗಳು ಅಂಗಾಂಶವನ್ನು ಕೆರಳಿಸುತ್ತವೆ. ವೈದ್ಯಕೀಯಕ್ಕೆ ಬಳಸುವುದು ನಿಧಾನವಾಗಿ ಒಡೆಯುವ ಬ್ಯೂಟೈಲ್, ಆಕ್ಟೈಲ್ ಬಗೆ. ಆಕ್ಟೈಲ್ ಅಂಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಸೂಪರ್ ಗ್ಲೂ ಬೇಡ. ಹತ್ತಿಯನ್ನು ಅದರಲ್ಲಿ ಅದ್ದಿ ಒತ್ತುವುದಂತೂ ಬೇಡವೇ ಬೇಡ. ಹತ್ತಿಯ ಎಳೆಗಳಲ್ಲಿ ಅಂಟು ಒಮ್ಮೆಗೇ ಗಟ್ಟಿಯಾಗಿ ಚರ್ಮ ಸುಡುವಷ್ಟು ಕಾಯುತ್ತದೆ.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿ ಬಿರುಕಿಗೆ ಇದನ್ನು ಹಚ್ಚಬಹುದೇ?

ಉತ್ತರ: ಉಳಿದವರಿಗೆ ಒಣ ಬಿರುಕಿಗೆ ಇದು ಚೆನ್ನಾಗಿಯೇ ಒದಗುತ್ತದೆ, ನಡೆಯುವಾಗ ಚುಚ್ಚುವ ನೋವು ತಗ್ಗುತ್ತದೆ. ಅಮ್ಮನಿಗೆ ಮಾತ್ರ ವೈದ್ಯರು ಪಾದ ನೋಡುವವರೆಗೆ ಹಚ್ಚಬೇಡಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಪೊರೆಯಡಿ ಕೀವಾದರೂ ಅವರಿಗೆ ನೋವೇ ತಿಳಿಯಲಿಕ್ಕಿಲ್ಲ. ಬಾಟಲಿ ಮನೆಯಲ್ಲಿದ್ದರೆ ಬಿರಡೆ ಬಿಗಿದು, ಒಲೆ ಮತ್ತು ದೀಪದಿಂದ ದೂರ, ಮಕ್ಕಳ ಕೈಗೆ ಎಟುಕದಂತೆ ಇಡಿ. ದ್ರಾವಕ ಬೆರೆತ ಬಗೆಗಳಿಗೆ ಬೆಂಕಿ ಬೇಗ ಹತ್ತುತ್ತದೆ.