ಅಬ್ಲೇಶನ್ ಆದ ಮೇಲೂ ರಾತ್ರಿ ಎರಡಕ್ಕೆ ಡವಡವ

ಬಂದವರಿಗೆ 54 ವರ್ಷ, ಬ್ಯಾಂಕ್ ಕೆಲಸ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಮಿಡಿಯುವ ಏಟ್ರಿಯಲ್ ಫಿಬ್ರಿಲೇಶನ್‌ಗೆ ಅಬ್ಲೇಶನ್ ಅನ್ನುವ ಚಿಕಿತ್ಸೆ ಆಗಿ ಐದು ವಾರ. ಕೂತವರೇ ಕೈಗಡಿಯಾರ ಬಿಚ್ಚಿ ನನ್ನ ಮುಂದಿಟ್ಟರು.

"ಮೇಡಂ, ಮೊದಲು ಸುಮ್ನೆ ಕೂತಾಗ ಮಿಡಿತ ನಿಮಿಷಕ್ಕೆ 62 ಇರ್ತಿತ್ತು, ಈಗ 75. ಮೊನ್ನೆ ರಾತ್ರಿ ಎರಡಕ್ಕೆ ಮತ್ತೆ ಅದೇ ಡವಡವ, ಅರ್ಧ ಗಂಟೆ. ಎಲ್ಲಾ ನೀರಲ್ಲಿ ಹೋಮ ಆಯ್ತು ಅಲ್ವಾ?"

ಮೊದಲು 75ರ ಮಾತು ತೆಗೆದೆ. ಮಿಡಿತ ಕೆಡಿಸುವ ವಿದ್ಯುತ್ ಕಿಡಿ ಹೆಚ್ಚಾಗಿ ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳಲ್ಲಿ ಹುಟ್ಟುತ್ತದೆ, ಇದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿಕೊಟ್ಟರು. ಅಬ್ಲೇಶನ್‌ನಲ್ಲಿ ಆ ನಾಳಗಳ ಬಾಯಿಯ ಸುತ್ತ ಸುಟ್ಟು ಬೇಲಿ ಹಾಕುತ್ತಾರೆ. ಅಲ್ಲೇ ಪಕ್ಕದ ಕೊಬ್ಬಿನಲ್ಲಿ ವೇಗಸ್ ನರದ ಗಂಟುಗಳೂ ಇವೆ, ಅವು ಹೃದಯದ ಬ್ರೇಕ್ ಇದ್ದ ಹಾಗೆ. ಅವಕ್ಕೂ ಬಿಸಿ ತಾಗಿದರೆ ಮಿಡಿತ ಹತ್ತು ಹದಿನೈದು ಏರಿ ತಿಂಗಳುಗಟ್ಟಲೆ ಹಾಗೇ ಇರಬಹುದು. ಸಾಮಾನ್ಯವಾಗಿ ಅದು ಕೆಟ್ಟ ಸೂಚನೆಯಲ್ಲ.

ಡವಡವದ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಿಲ್ಲ. ಮೊದಲ ಎರಡು ಮೂರು ತಿಂಗಳು ಗಾಯ ಮಾಯುವ ಕಾಲ, ಆಗ ಬಂದದ್ದನ್ನು ವೈದ್ಯರು ಸೋಲು ಅಂತ ಬರೆಯುವುದಿಲ್ಲ. ಆದರೆ ಹೀಗೆ ಬಂದವರಿಗೆ ಮುಂದೆ ಮರುಕಳಿಸುವ ಸಾಧ್ಯತೆ ಜಾಸ್ತಿ ಅನ್ನುವುದೂ ನಿಜ.

ನಾನು ಇದನ್ನು ಬರೀ ಗಾಬರಿ ಅಂದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಡಲು ಹೊರಟಿದ್ದೆ. ಅಷ್ಟರಲ್ಲಿ ಅವರ ಹೆಂಡತಿ, "ಇವರ ಗೊರಕೆ ಒಮ್ಮೊಮ್ಮೆ ನಿಂತೇ ಹೋಗುತ್ತೆ ಮೇಡಂ, ಆಮೇಲೆ ದಡಕ್ಕನೆ ಏಳ್ತಾರೆ" ಅಂದರು. ನನಗೆ ನಾಚಿಕೆಯಾಯಿತು, ಮೊದಲು ಕೇಳಬೇಕಿದ್ದದ್ದೇ ಅದು. ನಿದ್ದೆಯಲ್ಲಿ ಉಸಿರು ಕಟ್ಟಿದಾಗ ವೇಗಸ್ ಬ್ರೇಕ್ ಒತ್ತುತ್ತದೆ, ಎಚ್ಚರವಾದ ಕೂಡಲೇ ಇನ್ನೊಂದು ಕಡೆಯ ನರಗಳು ಆಕ್ಸಿಲರೇಟರ್ ತುಳಿಯುತ್ತವೆ, ಈ ಎಳೆದಾಟ ರಾತ್ರಿಯಿಡೀ ನಡೆದರೆ ಮಿಡಿತ ತಪ್ಪದೇ ಇರುತ್ತದೆಯೇ?

ನಿದ್ದೆಯ ಪರೀಕ್ಷೆ ಬೇಕೇ ಅಂತ ವೈದ್ಯರನ್ನು ಕೇಳಿ ಅಂದೆ. ರಾತ್ರಿ ಎಂಟರೊಳಗೆ ಹಗುರ ಊಟ, ಮದ್ಯ ಬೇಡವೇ ಬೇಡ. ವಾಚ್ ದಿನಕ್ಕೆ ಎರಡೇ ಸಲ ನೋಡಿ, ಡವಡವ ಬಂದರೆ ಗಂಟೆ ಎಷ್ಟು, ಏನು ತಿಂದಿದ್ದಿರಿ ಅಂತ ಬರೆದಿಡಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಒಂದು ಹೊತ್ತೂ ನೀವಾಗಿ ಬಿಡಬೇಡಿ. ಜ್ವರ, ನುಂಗುವಾಗ ನೋವು, ಎದೆನೋವು, ತಲೆ ಸುತ್ತಿ ಬೀಳುವುದು, ಮಾತು ತೊದಲುವುದು ಕಂಡರೆ ನನ್ನ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪರೀಕ್ಷೆಯಲ್ಲಿ ನಿದ್ದೆಯ ಉಸಿರುಕಟ್ಟು ಇದೆ ಅಂತ ಬಂತು. ಈಗ ಉಸಿರಿನ ದಾರಿ ಮುಚ್ಚದ ಹಾಗೆ ಗಾಳಿ ಒತ್ತುವ ಮಾಸ್ಕ್ ಹಾಕಿ ಮಲಗುತ್ತಾರೆ, ಗೊಣಗುತ್ತಲೇ.