ಗ್ಯಾಸ್ ಮೀಟರಿನ ಟೆಸ್ಟ್ ಪಾಯಿಂಟ್ ಮುರಿದಿದೆ, ಎಂ-ಸೀಲ್ ಹಚ್ಚಿದರೆ ಸಾಕಾ?

ಸಾಲದು. ದಯವಿಟ್ಟು ಹಚ್ಚಬೇಡಿ. ನಾನು ಹಚ್ಚಿ ಬೈಸಿಕೊಂಡವನು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ನೀವು ಬರೆದಿರೋದು ಇಷ್ಟು: ಪುಣೆಯಲ್ಲಿ ಬಾಡಿಗೆ ಮನೆ, ಪೈಪ್ ಗ್ಯಾಸ್. ಹಬ್ಬಕ್ಕೆ ಅಡುಗೆಮನೆ ಉಜ್ಜುವಾಗ ಮೀಟರ್ ಪಕ್ಕದ ಹಿತ್ತಾಳೆಯ ಸಣ್ಣ ಮೂತಿ (ಅದೇ ಟೆಸ್ಟ್ ಪಾಯಿಂಟ್, ಗ್ಯಾಸಿನ ಒತ್ತಡ ಅಳೆಯುವ ಜಾಗ) ಮುರಿದು ಬಟ್ಟೆಯ ಜೊತೆ ಕೈಗೆ ಬಂತು. ವಾಸನೆ ಇಲ್ಲ, ಒಲೆ ಚೆನ್ನಾಗೇ ಉರಿಯುತ್ತಿದೆ. ಓನರ್‌ಗೆ ಹೇಳಿದರೆ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ ಅಂತ ಭಯ.

ಇದನ್ನು ಓದುವ ಹೊತ್ತಿಗೆ ವಾಸನೆ ಶುರುವಾಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಒಲೆ ಆರಿಸಿ, ಮೀಟರ್ ಹತ್ತಿರದ ವಾಲ್ವ್ ತಿರುಗಿಸಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಓಪನ್, ಅಡ್ಡ ಇದ್ದರೆ ಬಂದ್. ಕಿಟಕಿ ಬಾಗಿಲು ತೆಗೆಯಿರಿ. ಯಾವ ಸ್ವಿಚ್ಚೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನಿನದ್ದೂ ಸೇರಿ. ಆನ್ ಮಾಡಿದರೂ ಕಿಡಿ, ಆಫ್ ಮಾಡಿದರೂ ಕಿಡಿ. ಫೋನ್ ಹಿಡಿದುಕೊಂಡು ಹೊರಗೆ, ಮೆಟ್ಟಿಲಿನ ಹತ್ತಿರ ಬಂದು, ಬಿಲ್ಲಿನ ಮೇಲಿರುವ ಎಮರ್ಜೆನ್ಸಿ ನಂಬರಿಗೆ ಮಾಡಿ. ಗ್ಯಾಸ್ ಬಿಲ್ಲಿನ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಬೇಕಾದ ಹೊತ್ತಿಗೆ ಆ ಕಾಗದ ಸಿಗುವುದಿಲ್ಲ.

ವಾಸನೆ ಇಲ್ಲದಿದ್ದರೆ ಗಾಬರಿ ಬೇಡ. ಆದರೆ ಕಂಪ್ಲೇಂಟ್ ಇವತ್ತೇ ಬರೆಸಿ.

ಆ ಮೂತಿ ಏನು ಅಂತ ನನಗೂ ಮೊದಲು ಗೊತ್ತಿರಲಿಲ್ಲ. ನಮ್ಮದು ಮುಂಬಯಿ, ಮುಲುಂಡ್‌ನ ಹಳೇ ಸೊಸೈಟಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದ ಅಡುಗೆಮನೆ. ಟ್ರಾಲಿ ಕೂರಿಸಲು ಬಂದ ಬಡಗಿ ಹಲಗೆ ತಿರುಗಿಸುವಾಗ ಅದರ ಮೂಲೆ ಮೀಟರಿಗೆ ಬಡಿಯಿತು. ಟಣ್ ಅಂತ ಒಂದು ಸದ್ದು. ಕೆಳಗೆ ನೋಡಿದರೆ ಕಿರುಬೆರಳ ತುದಿಯಷ್ಟು ಹಿತ್ತಾಳೆ ಚೂರು. ಮೂಗಿಗೆ ಏನೂ ಹತ್ತಲಿಲ್ಲ. ಮನೆಯಲ್ಲಿ ನಲ್ಲಿ ಪೈಪಿಗೆ ತಂದ ಎಂ-ಸೀಲ್ ಮಿಕ್ಕಿತ್ತು. ಕಲಸಿ ಮೆತ್ತಿದೆ, ಕೈ ತೊಳೆದುಕೊಂಡೆ, ಕೆಲಸ ಆಯಿತು ಅಂದುಕೊಂಡೆ.

ನಾಲ್ಕು ದಿನ ಆದ ಮೇಲೆ ಬೆಳಗ್ಗೆ ಅಮ್ಮ ಎಬ್ಬಿಸಿದರು. ಊರಿಂದ ಬಂದಿದ್ದರು, ಅವರ ಮೂಗು ಬಹಳ ಚುರುಕು. ನಾನು ಎದ್ದು ಬರುವಷ್ಟರಲ್ಲಿ ಮೊರ ಹಿಡಿದು ನೆಲಕ್ಕೆ ಗಾಳಿ ಹಾಕುತ್ತಿದ್ದಾರೆ. ಸಿಲಿಂಡರ್ ಅಭ್ಯಾಸ ಅದು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತದೆ. ಪೈಪಿನಲ್ಲಿ ಬರೋದು ಹೆಚ್ಚಾಗಿ ಮೀಥೇನ್. ಗಾಳಿಗಿಂತ ಹಗುರ, ಸೀದಾ ಮೇಲೆ ಹೋಗಿ ಸೀಲಿಂಗ್ ಹತ್ತಿರ ಸೇರುತ್ತದೆ. ಹಾಗಾಗಿ ಪೈಪ್ ಗ್ಯಾಸ್ ಮನೆಯಲ್ಲಿ ಮೇಲಿನ ವೆಂಟಿಲೇಟರ್ ಮುಖ್ಯ. ಅದಕ್ಕೆ ಪೇಪರ್ ಅಂಟಿಸಿದ್ದರೆ ಈಗಲೇ ಕೀಳಿ.

ಕಂಪನಿಯಿಂದ ಬಂದವರು ವಯಸ್ಸಾದ ಮರಾಠಿ ಕಾಕಾ. ಎಂ-ಸೀಲ್ ಗಡ್ಡೆ ನೋಡಿದ್ದೇ ಹಣೆ ಚಚ್ಚಿಕೊಂಡರು. ‘ಹಾತ್ ಲಾವೂ ನಕಾ’ (ಕೈ ಹಚ್ಚಬೇಡಿ) ಅಂತ ನನ್ನನ್ನು ದೂರ ನಿಲ್ಲಿಸಿ, ಸ್ಕ್ರೂಡ್ರೈವರಿನಿಂದ ಅದನ್ನು ಕೆರೆಯೋಕೇ ಇಪ್ಪತ್ತು ನಿಮಿಷ ತೆಗೆದುಕೊಂಡರು. ಎಂ-ಸೀಲ್ ತಪ್ಪೇನಿಲ್ಲ, ಅದು ಗ್ಯಾಸಿನ ಜಾಯಿಂಟಿಗೆ ಅಲ್ಲ ಅಷ್ಟೆ. ಒಳಗೆ ಕೂದಲೆಳೆಯಷ್ಟು ಬಿರುಕು ಇತ್ತಂತೆ. ಮೇಲಿನ ಗಡ್ಡೆ ಅದನ್ನು ಮುಚ್ಚಲಿಲ್ಲ, ಕಾಣದ ಹಾಗೆ ಮಾಡಿತ್ತು. ಗ್ಯಾಸ್ ಗಡ್ಡೆಯ ಅಂಚಿನಿಂದ ಬರುತ್ತಿತ್ತು.

ಹೊಸ ನಿಪ್ಪಲ್, ಅಂದರೆ ಆ ಮೂತಿಯನ್ನೇ, ಕೈಗೆ ಕೊಟ್ಟು ತೋರಿಸಿದರು. ನಡುವೆ ತೂತು, ತೂತಿನೊಳಗೆ ಒಂದು ಸ್ಕ್ರೂ. ಸ್ಕ್ರೂ ಬಿಗಿ ಇದ್ದರೆ ಬಂದ್. ಒಂದೆರಡು ಸುತ್ತು ಸಡಿಲ ಮಾಡಿದರೆ ಗ್ಯಾಸ್ ಮೂತಿಯ ಮೂಲಕ ರಬ್ಬರ್ ಟ್ಯೂಬಿಗೆ ಬರುತ್ತದೆ, ಒತ್ತಡ ಅಳೆಯಬಹುದು. ನಿಮ್ಮಲ್ಲಿ ವಾಸನೆ ಬರದಿರುವುದಕ್ಕೆ ಬಹುಶಃ ಇದೇ ಕಾರಣ: ಹೊರಗಿನ ಮೂತಿ ಹೋಗಿದೆ, ಒಳಗಿನ ಸ್ಕ್ರೂ ಇನ್ನೂ ಹಿಡಿದಿದೆ. ಎಷ್ಟು ದಿನ ಹಿಡಿದಿರುತ್ತದೆ ಅಂತ ಯಾರು ಹೇಳೋದು? ಅದನ್ನು ಬಿಗಿ ಮಾಡೋಣ ಅಂತ ಸ್ಕ್ರೂಡ್ರೈವರ್ ಮಾತ್ರ ಹಾಕಬೇಡಿ. ಬಲಕ್ಕೋ ಎಡಕ್ಕೋ ಅಂತ ಒಂದು ಕ್ಷಣ ತಪ್ಪಿದರೆ ಮುಗಿಯಿತು.

ಕಾಕಾ ವಾಲ್ವ್ ಬಂದ್ ಮಾಡಿ, ಒಂದು ಸ್ಪ್ಯಾನರಿನಿಂದ ಪೈಪ್ ಅಲುಗದ ಹಾಗೆ ಹಿಡಿದು, ಇನ್ನೊಂದರಿಂದ ಮುರಿದ ಬುಡ ಬಿಚ್ಚಿದರು. ನಾವು ಮಾಡಿದ್ದರೆ ಒಂದೇ ಸ್ಪ್ಯಾನರ್ ಹಾಕಿ ಎಳೆಯುತ್ತಿದ್ದೆವು, ಪೈಪಿನ ಇನ್ನೊಂದು ಜಾಯಿಂಟೂ ತಿರುಗುತ್ತಿತ್ತು. ಹೊಸದನ್ನು ಹಾಕಿ, ಯು ಆಕಾರದ ನೀರಿನ ಕೊಳವೆ ಜೋಡಿಸಿದರು. ಒಂದು ಕಡೆ ನೀರು ಇಳಿಯಿತು, ಇನ್ನೊಂದು ಕಡೆ ಏರಿತು. ನಡುವಿನ ಅಂತರ ಹೆಚ್ಚುಕಡಿಮೆ 21 ಸೆಂಟಿಮೀಟರ್, ಅಂದರೆ 21 ಮಿಲಿಬಾರ್. ಮನೆ ಒಲೆಗೆ ಬರುವ ಒತ್ತಡ ಅಷ್ಟೇ. ಬೈಕ್ ಟೈರಿನಲ್ಲಿ ಇದರ ನೂರು ಪಟ್ಟು ಇರುತ್ತದೆ. ಆಮೇಲೆ ವಾಲ್ವ್ ಮುಚ್ಚಿ ನೀರಿನ ಮಟ್ಟವನ್ನೇ ನೋಡುತ್ತಾ ಕೂತರು. ನಾನೂ ಕೂತೆ. ಅಮ್ಮ ಚಹಾಕ್ಕೆ ಒಲೆ ಹಚ್ಚಲಾ ಅಂತ ಎರಡು ಸಲ ಕೇಳಿದರು. ನೀರು ಕದಲಲಿಲ್ಲ, ಅಂದರೆ ಸೋರಿಕೆ ಇಲ್ಲ. ಕೊನೆಗೆ ಕೊಳವೆ ತೆಗೆದು, ಸ್ಕ್ರೂ ಬಿಗಿ ಮಾಡಿ, ಶೇವಿಂಗ್ ಬ್ರಷ್‌ನಿಂದ ಸೋಪಿನ ನೊರೆ ಬಳಿದರು. ಗುಳ್ಳೆ ಏಳಲಿಲ್ಲ.

ಒತ್ತಡ ಇಷ್ಟು ಕಡಿಮೆ ಅಲ್ವಾ, ಏನಾಗುತ್ತೆ ಅಂತ ನಾನೂ ಕೇಳಿದ್ದೆ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟು ಸೇರಿದರೆ ಕಿಡಿಗೆ ಸಿಡಿಯುತ್ತದೆ. ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಅದಕ್ಕೆ ದೊಡ್ಡ ಒತ್ತಡ ಬೇಕಿಲ್ಲ, ಸಮಯ ಸಿಕ್ಕರೆ ಸಾಕು.

ಕಂಪನಿಯವರು ಬರುವ ತನಕ ನೀವು ಮಾಡಬಹುದಾದ್ದು ಒಂದೇ. ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಬೆರೆಸಿ, ಮುರಿದ ಜಾಗಕ್ಕೆ ಬ್ರಷ್‌ನಿಂದ ಮೆಲ್ಲಗೆ ಹಚ್ಚಿ. ಗುಳ್ಳೆ ದೊಡ್ಡದಾಗುತ್ತಾ ಹೋದರೆ ಸೋರುತ್ತಿದೆ, ವಾಲ್ವ್ ಬಂದ್ ಮಾಡಿ. ಕಡ್ಡಿ ಗೀರಿ ನೋಡುವ ಹಳೇ ಬುದ್ಧಿ ಬೇಡ.

ಇಲ್ಲೊಂದು ಗಮನಿಸಿ: ಮುರಿದ ಮೂತಿ ವಾಲ್ವಿನ ಯಾವ ಕಡೆ ಇದೆ? ವಾಲ್ವ್ ದಾಟಿ ಒಲೆಯ ಕಡೆಗಿದ್ದರೆ, ವಾಲ್ವ್ ಮುಚ್ಚಿದರೆ ಸೋರಿಕೆ ನಿಲ್ಲುತ್ತದೆ. ಗ್ಯಾಸ್ ಬರುವ ಕಡೆಗಿದ್ದರೆ ನೀವು ಮುಚ್ಚಿದರೂ ಉಪಯೋಗ ಇಲ್ಲ, ಹಿಂದಿನ ವಾಲ್ವನ್ನೇ ಮುಚ್ಚಬೇಕು. ಫೋನ್ ಮಾಡುವಾಗ ಇದನ್ನು ಮೊದಲು ಹೇಳಿ.

ಇನ್ನು ಓನರ್ ವಿಷಯ. ಮೀಟರ್ ಓನರದ್ದೂ ಅಲ್ಲ, ನಿಮ್ಮದೂ ಅಲ್ಲ, ಗ್ಯಾಸ್ ಕಂಪನಿಯದು. ನಮ್ಮ ನಿಪ್ಪಲ್ಲಿನ ದುಡ್ಡು ಮುಂದಿನ ಬಿಲ್ಲಿನಲ್ಲಿ ಬಂತು, ಹೇಳಿಕೊಳ್ಳುವಷ್ಟು ದೊಡ್ಡ ಮೊತ್ತವಲ್ಲ. ಓನರ್‌ಗೆ ಒಂದು ಮೆಸೇಜ್ ಹಾಕಿ, ಕಂಪ್ಲೇಂಟ್ ನಂಬರನ್ನೂ ಅದರಲ್ಲೇ ಬರೆಯಿರಿ. ಮುಚ್ಚಿಟ್ಟು ಆಮೇಲೆ ಮೀಟರಿಗೆ ಕೈ ಹಾಕಿದ್ದಾರೆ ಅನ್ನಿಸಿಕೊಳ್ಳೋದಕ್ಕಿಂತ ಇದು ವಾಸಿ.

ಹಾಂ, ಆ ಮುರಿದ ಚೂರನ್ನು ಎಸೆಯಬೇಡಿ. ಬಂದವರಿಗೆ ತೋರಿಸಿ. ಸ್ಕ್ರೂ ಚೂರಿನ ಜೊತೆ ಬಂದಿದೆಯೋ ಪೈಪಿನಲ್ಲೇ ಉಳಿದಿದೆಯೋ ಅಂತ ಅವರು ಮೊದಲು ನೋಡೋದು ಅದನ್ನೇ.