ಪ್ರಿಂಟರ್ ಕೋಡ್‌ನಲ್ಲಿರೋ 'ರೆಡ್ ಬುಕ್' ಯಾವುದು?

ಕಾಮೆಂಟ್‌ನಲ್ಲಿ 'ರೆಡ್ ಬುಕ್ ನೋಡಿ' ಅಂತಿದೆ, ಓಪನ್‌ಜಿಎಲ್ (ಗ್ರಾಫಿಕ್ಸ್ ಪ್ರೋಗ್ರಾಮಿಂಗ್) ಪುಸ್ತಕದಲ್ಲಿ ಹುಡುಕಿದ್ರೆ ಸಿಗ್ತಿಲ್ಲ ಅಂದ್ರಲ್ಲ, ನೀವು ಬೇರೆ ಕೆಂಪು ಪುಸ್ತಕ ಹಿಡ್ಕೊಂಡಿದ್ದೀರ ಅನ್ಸುತ್ತೆ. ಪ್ರಿಂಟರ್ ಕೋಡ್ ಅಂದ್ಮೇಲೆ ಅದು ಬಹುಶಃ ಅಡೋಬ್‌ನ ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗೆ ಮುದ್ರಿಸಬೇಕು ಅಂತ ಪ್ರಿಂಟರ್‌ಗೆ ಹೇಳೋ ಭಾಷೆ) ರೆಫರೆನ್ಸ್ ಮ್ಯಾನ್ಯುಯಲ್. ನಂಗೂ ಇದೇ ಆಗಿತ್ತು.

ಮೊದ್ಲು ಫೈಲಿನ ಮೊದಲ ಸಾಲು ನೋಡಿ, ಶೇಕಡಾ ಚಿಹ್ನೆ, ಆಶ್ಚರ್ಯಸೂಚಕ, ಆಮೇಲೆ ಪಿಎಸ್ (%!PS) ಅಂತಿದ್ರೆ ಪೋಸ್ಟ್‌ಸ್ಕ್ರಿಪ್ಟೇ. ಈ ಪುಸ್ತಕಕ್ಕೆ 1985, 1990, 1999ರ ಮೂರು ಎಡಿಷನ್ ಇವೆ, ಪುಟ ಸಂಖ್ಯೆ ಒಂದಕ್ಕೊಂದು ಹೊಂದಲ್ಲ, ಅದಕ್ಕೆ ಪುಟ ಬಿಟ್ಟು ಆಪರೇಟರ್ (ಆ ಭಾಷೆಯ ಕಮಾಂಡ್) ಹೆಸರಲ್ಲೇ ಹುಡುಕಿ. ಕೋಡ್ ಯಾವ ವರ್ಷದ್ದು ಅಂತ ನೀವು ಹೇಳಿಲ್ಲ, ಹಾಗಾಗಿ ಯಾವ ಎಡಿಷನ್ ಅಂತ ಖಚಿತ ಹೇಳಕ್ಕಾಗಲ್ಲ, ಮೂರನೇದ್ರಿಂದ ಶುರು ಮಾಡಿ. ಮುಂದೆಲ್ಲಾದ್ರೂ 'ಬ್ಲೂ ಬುಕ್' ಅಂತ ಬಂದ್ರೆ ಅದು ಇದೇ ಸಾಲಿನ ಟ್ಯುಟೋರಿಯಲ್, 'ಗ್ರೀನ್' ಅಂದ್ರೆ ಪ್ರೋಗ್ರಾಂ ಡಿಸೈನ್‌ದು.